ಅರ ಹಿಡಿಯುವ ಮುನ್ನ: ಕರಿಮದ್ದಿನ ರಿವಾಲ್ವರಿನ ಸಿಲಿಂಡರ್ ಯಾಕೆ ಅರ್ಧಕ್ಕೆ ನಿಲ್ಲುತ್ತದೆ?

ಪ್ರಶ್ನೆ: ನಾನು ಮಂಡ್ಯದವನು, ಸಕ್ಕರೆ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಮಗ ಅಮೆರಿಕದ ಒಹಾಯೊದಲ್ಲಿದ್ದಾನೆ. ಅಲ್ಲಿ ಅವನು 1851ರ ಕೋಲ್ಟ್ ನೇವಿ ರಿವಾಲ್ವರಿನ ನಕಲೊಂದನ್ನು ಕೊಂಡಿದ್ದಾನೆ. ಇಟಲಿಯಲ್ಲಿ ಮಾಡಿದ್ದು, ಹಳೆಯದು. ಹ್ಯಾಮರನ್ನು ನಿಧಾನವಾಗಿ ಎಳೆದರೆ ಮದ್ದು-ಗುಂಡು ತುಂಬುವ ಆರು ಚೇಂಬರುಗಳಲ್ಲಿ ಎರಡು ನಳಿಗೆಯ ನೇರಕ್ಕೆ ಬರುವ ಮೊದಲೇ ಸಿಲಿಂಡರ್ ನಿಂತುಬಿಡುತ್ತದೆ. ಜೋರಾಗಿ ಎಳೆದರೆ ಸರಿಯಾಗಿ ಕೂರುತ್ತದೆ, ಒಮ್ಮೊಮ್ಮೆ ದಾಟಿಯೂ ಹೋಗುತ್ತದೆ. ಸಿಲಿಂಡರಿನ ಸುತ್ತ ಉಂಗುರದಂತೆ ಒಂದು ಗೀರು ಬಿದ್ದಿದೆ. ಅವನು ಹೊಸ ಹ್ಯಾಂಡ್ (ಸಿಲಿಂಡರನ್ನು ತಿರುಗಿಸುವ ನಾಲಿಗೆ) ತರಿಸಿಟ್ಟು, ‘ಅಪ್ಪಾ, ನೀನು ಬಂದಾಗ ಅರ ಹಾಕಿಕೊಡು’ ಎನ್ನುತ್ತಿದ್ದಾನೆ. ಮುಂದಿನ ತಿಂಗಳು ಹೊರಡುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅರವನ್ನು ಪೆಟ್ಟಿಗೆಯಲ್ಲೇ ಬಿಟ್ಟು ಶುರು ಮಾಡಿ. ನೀವು ಹೇಳಿದ ಮೂರು ಲಕ್ಷಣಗಳಿಗೆ ಕಾರಣ ಒಂದೇ ಇರಲಾರದು, ಎರಡಾದರೂ ಇರಬೇಕು. ಹ್ಯಾಂಡ್ ಬದಲಿಸಿದರೆ ಅದರಲ್ಲಿ ಒಂದು ಮಾತ್ರ ಸರಿಹೋದೀತು. ತೆಗೆದ ಲೋಹ ಮತ್ತೆ ಬರುವುದಿಲ್ಲ ಎನ್ನುವುದನ್ನು ಫಿಟ್ಟರ್ ಆಗಿದ್ದವರಿಗೆ ನಾನು ಹೇಳಬೇಕಿಲ್ಲ. ಆದರೆ ಈ ಯಂತ್ರದಲ್ಲಿ ನಿಜವಾದ ದೋಷಿಯನ್ನು ಬಿಟ್ಟು ಪಕ್ಕದವನನ್ನು ಅರೆಯುವುದು ಬಹಳ ಸುಲಭ.

ಕಾನೂನಿನ ಮಾತು ಮೊದಲು ಮುಗಿಸೋಣ. ಸಿದ್ಧ ತೋಟಾ ಹಾಕದ, ಕೇಪು (ಹೊಡೆತಕ್ಕೆ ಕಿಡಿ ಕೊಡುವ ಪುಟ್ಟ ಟೋಪಿ) ಮತ್ತು ಕರಿಮದ್ದಿನಿಂದ ಹೊಡೆಯುವ ಹಳೆಯ ಮಾದರಿಯ ನಕಲುಗಳನ್ನು ಅಮೆರಿಕದ 1968ರ ಕೇಂದ್ರ ಕಾನೂನು ಪುರಾತನ ಆಯುಧಗಳ ಸಾಲಿಗೆ ಸೇರಿಸುತ್ತದೆ. ರಾಜ್ಯದ ನಿಯಮವನ್ನು ಮಗ ನೋಡಿಕೊಳ್ಳಲಿ. ನಮ್ಮಲ್ಲಿ ಹಾಗಲ್ಲ. 1959ರ ಆಯುಧ ಕಾಯ್ದೆಯಲ್ಲಿ ಆಯುಧ ಎಂದರೆ ಅದರ ಬಿಡಿಭಾಗವೂ ಸೇರುತ್ತದೆ, ರಿಪೇರಿಗೂ ಲೈಸೆನ್ಸ್ ಬೇಕು. ಆದ್ದರಿಂದ ‘ಹ್ಯಾಂಡ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಬಂದು ಮೈಸೂರಿನ ಲೇತ್ ಅಂಗಡಿಯಲ್ಲಿ ಅದೇ ಅಳತೆಗೆ ಇನ್ನೆರಡು ಮಾಡಿಸುತ್ತೇನೆ’ ಎಂಬ ಯೋಚನೆ ಬಂದರೆ ಅಲ್ಲೇ ಬಿಡಿ. ಕೆಲಸವೆಲ್ಲ ಮಗನ ಮನೆಯ ಮೇಜಿನ ಮೇಲೇ ಆಗಲಿ.

ಇನ್ನೊಂದು ಮಾತು, ಇದು ಪ್ರತಿಸಲ ಕೈಗೆತ್ತಿಕೊಂಡಾಗಲೂ: ಚೇಂಬರುಗಳ ಹಿಂದೆ ಕೇಪು ಕೂರಿಸುವ ನಿಪ್ಪಲುಗಳ ಮೇಲೆ ಕೇಪು ಇಲ್ಲ ಎಂದು ನೋಡಿದರೆ ಸಾಲದು. ಸಿಲಿಂಡರನ್ನು ಕಳಚಿ ಆರೂ ಚೇಂಬರುಗಳ ತಳದವರೆಗೆ ಬೆಳಕು ಹಾಯಿಸಿ. ಕರಿಮದ್ದು ತುಂಬಿ ಮರೆತ ಚೇಂಬರು ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ಪರೀಕ್ಷೆ ನಡೆಯುವಷ್ಟೂ ಹೊತ್ತು ನಿಪ್ಪಲುಗಳನ್ನೇ ಬಿಚ್ಚಿಟ್ಟರೆ ಎರಡು ಲಾಭ: ಒಂದು ಸುರಕ್ಷತೆ, ಇನ್ನೊಂದು, ಹ್ಯಾಮರ್ ಕೈತಪ್ಪಿ ಬಿದ್ದರೆ ನಿಪ್ಪಲಿನ ತಲೆ ಜಜ್ಜುವುದಿಲ್ಲ.

ಈಗ ಯಂತ್ರ. ಇಂಗ್ಲಿಷಿನವರು ಬೋಲ್ಟ್ ಎನ್ನುವ ಭಾಗವನ್ನು ನಾನು ಅಗುಳಿ ಎನ್ನುತ್ತೇನೆ. ನಟ್ಟು-ಬೋಲ್ಟಿನ ಬೋಲ್ಟ್ ಎಂದು ತಪ್ಪು ತಿಳಿಯುವುದು ಬೇಡ. ಅದು ಮಾಡುವುದೂ ಬಾಗಿಲ ಅಗುಳಿಯ ಕೆಲಸವನ್ನೇ. ಸಿಲಿಂಡರಿನ ಹೊರಮೈಯಲ್ಲಿ ಆರು ಕಚ್ಚುಗಳಿವೆ. ಅಗುಳಿಯ ತಲೆ ಫ್ರೇಮಿನ ಕಿಂಡಿಯಿಂದ ಮೇಲೆದ್ದು ಕಚ್ಚಿನೊಳಗೆ ಕೂತರೆ ಸಿಲಿಂಡರ್ ಅಲುಗುವುದಿಲ್ಲ. ಹ್ಯಾಂಡ್ ಎಂದರೆ ಹ್ಯಾಮರಿಗೆ ಸಿಕ್ಕಿಸಿದ, ಸಿಲಿಂಡರಿನ ಹಿಂಬದಿಯ ಆರು ಹಲ್ಲುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುವ ನಾಲಿಗೆ. ನೀವು ಕಾರ್ಖಾನೆಯಲ್ಲಿ ನೋಡಿರುವ ರ‍್ಯಾಚೆಟ್-ಪಾಲ್ ಜೋಡಿಯೇ ಇದು, ಅಂಗೈಯಗಲದಲ್ಲಿ. ಹ್ಯಾಮರಿನ ಬದಿಯಲ್ಲಿ ಚಿಕ್ಕದೊಂದು ಕ್ಯಾಮ್, ಅಂದರೆ ಉಬ್ಬು, ಇದೆ. ಅಗುಳಿಯ ಹಿಂದಿನ ಎರಡು ಕಾಲುಗಳಲ್ಲಿ ಒಂದು ಈ ಕ್ಯಾಮಿನ ಮೇಲೆ ಕೂತಿರುತ್ತದೆ.

ಹ್ಯಾಮರನ್ನು ಎಳೆಯಲು ಶುರು ಮಾಡಿದ ಕೂಡಲೇ ಕ್ಯಾಮ್ ಆ ಕಾಲನ್ನು ಎತ್ತುತ್ತದೆ, ಅಗುಳಿಯ ತಲೆ ಕಚ್ಚಿನಿಂದ ಕಳಚಿಕೊಳ್ಳುತ್ತದೆ. ಅದು ಪೂರ್ತಿ ಕಳಚಿದ ಮೇಲೆ ಹ್ಯಾಂಡ್ ತಳ್ಳಲು ಶುರು ಮಾಡಬೇಕು. ಅರ್ಧ ದಾರಿಯಲ್ಲಿ ಹಾಫ್ ಕಾಕ್ ಎಂಬ ನಿಲ್ದಾಣ. ಅಲ್ಲಿ ಸಿಲಿಂಡರನ್ನು ಕೈಯಲ್ಲಿ ಒಂದೇ ದಿಕ್ಕಿಗೆ ತಿರುಗಿಸಿ ಮದ್ದು ತುಂಬುತ್ತಾರೆ. ಹ್ಯಾಮರನ್ನು ಇನ್ನೂ ಹಿಂದಕ್ಕೆ ಎಳೆದಂತೆ ಅಗುಳಿಯ ಕಾಲಿನ ತುದಿ ಕ್ಯಾಮಿನಿಂದ ಜಾರುತ್ತದೆ. ಅಗುಳಿಯ ತಲೆ ಮೇಲೆದ್ದು, ಕಚ್ಚಿಗೆ ಸ್ವಲ್ಪ ಮೊದಲು ಇರುವ ಇಳಿಜಾರು ದಾರಿಯ ಮೇಲೆ ತಾಗಿ, ಅದರ ಗುಂಟ ಸಾಗಿ ಕಚ್ಚಿನಲ್ಲಿ ಟಕ್ ಎಂದು ಕೂರುತ್ತದೆ. ಆ ಟಕ್ ಮತ್ತು ಟ್ರಿಗರ್ ಫುಲ್ ಕಾಕ್ (ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಜಾಗ) ಕಚ್ಚಿಗೆ ಬೀಳುವ ಸದ್ದು ಹೆಚ್ಚುಕಡಿಮೆ ಒಟ್ಟಿಗೆ ಕೇಳಬೇಕು, ಅಗುಳಿಯದು ಕೂದಲೆಳೆಯಷ್ಟು ಮುಂಚೆ. ಹ್ಯಾಮರ್ ಬಿದ್ದಾಗ ಅಗುಳಿಯ ಸ್ಪ್ರಿಂಗಿನಂಥ ಕಾಲು ಪಕ್ಕಕ್ಕೆ ಬಾಗಿ ಕ್ಯಾಮನ್ನು ದಾಟಿಸಿಕೊಂಡು ಮತ್ತೆ ಅದರ ಮೇಲೆ ಕೂರುತ್ತದೆ.

ಟೈಮಿಂಗ್ ಎಂದರೆ ಇಷ್ಟೇ: ಕಳಚು, ತಳ್ಳು, ಕೂರು. ಕೆಡುವುದು ಈ ಮೂರರ ಸರದಿ.

ನಿಮ್ಮ ವರದಿಯಲ್ಲಿ ನನಗೆ ಅತ್ಯಂತ ಬೆಲೆಯ ಮಾತು ‘ಆರರಲ್ಲಿ ಎರಡು’ ಎಂಬುದು. ಹ್ಯಾಂಡ್ ಒಂದೇ, ಅಗುಳಿ ಒಂದೇ. ಹಲ್ಲುಗಳು ಆರು, ಕಚ್ಚುಗಳು ಆರು. ಆರೂ ಚೇಂಬರುಗಳಲ್ಲಿ ತೊಂದರೆ ಒಂದೇ ತೆರನಾಗಿದ್ದರೆ ಹ್ಯಾಂಡನ್ನೋ ಅಗುಳಿಯನ್ನೋ ಸ್ಪ್ರಿಂಗನ್ನೋ ಅನುಮಾನಿಸಬೇಕು. ಕೆಲವದರಲ್ಲಿ ಮಾತ್ರ ಎಂದಾದರೆ ಸಿಲಿಂಡರಿನ ಹಲ್ಲು-ಕಚ್ಚುಗಳತ್ತ ನೋಡಬೇಕು. ಅಥವಾ ಹ್ಯಾಂಡ್ ಗಡಿಯಲ್ಲಿ ನಿಂತಿರಬೇಕು: ನಾಲ್ಕು ಹಲ್ಲುಗಳಿಗೆ ಸಾಕಾಗುತ್ತಿದೆ, ಸವೆದ ಎರಡಕ್ಕೆ ಸಾಲುತ್ತಿಲ್ಲ. ಜೋರಾಗಿ ಎಳೆದಾಗ ಸರಿಹೋಗುವುದಕ್ಕೆ ಕಾರಣ ಸಿಲಿಂಡರಿನ ತೂಕ. ಹ್ಯಾಂಡ್ ಕೈಬಿಟ್ಟ ಮೇಲೆ ಉಳಿದ ಚೂರು ದೂರವನ್ನು ಅದು ಓಟದ ರಭಸದಲ್ಲೇ ಮುಗಿಸುತ್ತದೆ. ಹಾಗಾಗಿ ಯಾವ ಪರೀಕ್ಷೆಯನ್ನೂ ಜೋರಾಗಿ ಎಳೆದು ಮಾಡಬೇಡಿ, ರಭಸ ದೋಷವನ್ನು ಮುಚ್ಚಿಡುತ್ತದೆ.

ಬಿಚ್ಚುವ ಮೊದಲು ಹೀಗೆ ಮಾಡಿ. ಚೇಂಬರುಗಳಿಗೆ ಮಾರ್ಕರಿನಲ್ಲಿ 1ರಿಂದ 6 ನಂಬರು ಹಾಕಿ. ಎಡಗೈ ಬೆರಳನ್ನು ಸಿಲಿಂಡರಿನ ಮೇಲೆ ಹಗುರಾಗಿ ಇಟ್ಟು, ತೀರಾ ಸ್ವಲ್ಪ ತಡೆ ಕೊಟ್ಟು, ಹ್ಯಾಮರನ್ನು ಗಡಿಯಾರದ ಮುಳ್ಳಿನ ಹಾಗೆ ನಿಧಾನ ಎಳೆಯಿರಿ. ಪ್ರತಿ ಚೇಂಬರಿಗೂ ಮೂರು ಸಲ. ಒಂದು ಕಾಗದದಲ್ಲಿ ಬರೆದುಕೊಳ್ಳಿ: ಅಗುಳಿ ಕೂತದ್ದು ಫುಲ್ ಕಾಕಿಗೆ ಮೊದಲೇ, ಜೊತೆಗೇ, ಅಥವಾ ಕೂರಲೇ ಇಲ್ಲ. ಕೂರದ ಚೇಂಬರಿನಲ್ಲಿ ಹ್ಯಾಮರ್ ಫುಲ್ ಕಾಕಿನಲ್ಲಿ ನಿಂತ ಮೇಲೆ ಅದನ್ನು ಇನ್ನೂ ಒಂದಿಷ್ಟು ಹಿಂದಕ್ಕೆ ಎಳೆದು ನೋಡಿ. ಆಗ ಟಕ್ ಎಂದು ಕೂತರೆ ಹ್ಯಾಂಡ್ ಗಿಡ್ಡ, ಅಥವಾ ಆ ಹಲ್ಲು ಸವೆದಿದೆ. ಆಗಲೂ ಕೂರದೆ, ಸಿಲಿಂಡರನ್ನು ಬೆರಳಿನಿಂದ ತುಸು ತಳ್ಳಿದಾಗ ಮಾತ್ರ ಕೂತರೆ ಎಲ್ಲೋ ಬಿಗಿತ ಇದೆ, ಇಲ್ಲವೇ ಕೊರತೆ ದೊಡ್ಡದು. ಚೇಂಬರ್ ನೇರಕ್ಕೆ ಬಂದರೂ ಅಗುಳಿ ಒಳಹೋಗದಿದ್ದರೆ ಅಗುಳಿಯ ತಲೆ ಆ ಕಚ್ಚಿಗಿಂತ ದಪ್ಪ, ಅಥವಾ ಕಚ್ಚಿನೊಳಗೆ ಕಸ ಗಟ್ಟಿಯಾಗಿ ಕೂತಿದೆ.

ಇನ್ನೊಂದು ಪರೀಕ್ಷೆಗೆ ಉಪಕರಣವೇ ಬೇಡ. ನಳಿಗೆಯನ್ನು ನೆಲದತ್ತ ಮಾಡಿ ಎಳೆದು ನೋಡಿ, ಆಮೇಲೆ ಆಕಾಶದತ್ತ ಮಾಡಿ ಎಳೆದು ನೋಡಿ. ಕೆಳಮುಖದಲ್ಲಿ ಸಲೀಸಾಗಿ ತಿರುಗಿ, ಮೇಲ್ಮುಖದಲ್ಲಿ ತಪ್ಪಿದರೆ ಹ್ಯಾಂಡಿನ ಬೆನ್ನಿಗಿರುವ ತೆಳು ಸ್ಪ್ರಿಂಗ್ ಸೋತಿದೆ ಅಥವಾ ಮುರಿದಿದೆ. ಅದು ಹ್ಯಾಂಡನ್ನು ಹಲ್ಲಿನತ್ತ ಒತ್ತಿ ಹಿಡಿಯಬೇಕು. ಇಲ್ಲದಿದ್ದರೆ ಮೇಲ್ಮುಖದಲ್ಲಿ ಹ್ಯಾಂಡ್ ತನ್ನ ತೂಕಕ್ಕೇ ಹಿಂದೆ ಬೀಳುತ್ತದೆ. ಈ ಮಾದರಿಗಳಲ್ಲಿ ಹೆಚ್ಚು ಮುರಿಯುವ ಭಾಗಗಳಲ್ಲಿ ಇದೂ ಒಂದು. ಹೊಸದು ಸಿಗುವವರೆಗೆ ಹೆಂಗಸರ ತಲೆಯ ಹೇರ್‌ಪಿನ್ನಿನ ತುಂಡೊಂದನ್ನು ಅಳತೆಗೆ ಕತ್ತರಿಸಿ ಹ್ಯಾಂಡಿನ ಸೀಳಿಗೆ ಕೂರಿಸುವ ಉಪಾಯ ಹಳಬರಿಗೆಲ್ಲ ಗೊತ್ತು, ಚೆನ್ನಾಗಿಯೇ ನಡೆಯುತ್ತದೆ.

ಈಗ ಟೈಮಿಂಗ್ ಅಲ್ಲದ, ಆದರೆ ಟೈಮಿಂಗಿನ ವೇಷ ಹಾಕಿಕೊಂಡು ಬರುವ ತೊಂದರೆಗಳು. ಇವನ್ನು ತಳ್ಳಿಹಾಕದೆ ಮುಂದೆ ಹೋಗಬೇಡಿ. ಹ್ಯಾಂಡ್ ಗಿಡ್ಡವಾಯಿತು ಎಂದು ಬೈಸಿಕೊಳ್ಳುವ ರಿವಾಲ್ವರುಗಳಲ್ಲಿ ಹಲವಕ್ಕೆ ಬೇಕಾಗಿದ್ದುದು ಬಿಸಿನೀರು.

ಕರಿಮದ್ದಿನ ಮಸಿ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಜಾಡಿಯ ಹಾಗೆ. ಅದಕ್ಕೆ ಪೆಟ್ರೋಲಿಯಂ ಎಣ್ಣೆ ಸೇರಿದರೆ ಡಾಂಬರಿನಂಥ ಅಂಟು. ಸಿಲಿಂಡರ್ ತಿರುಗುವ ನಡುಗಂಬಿಯ ಮೇಲೆ ಅದು ಕೂತರೆ ಹ್ಯಾಂಡ್ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ. ಸಾಬೂನಿನ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಜೇನುಮೇಣಕ್ಕೆ ಅಡುಗೆ ಎಣ್ಣೆ ಬೆರೆಸಿ ಮಾಡಿದ ಮೆತ್ತನೆಯ ಗ್ರೀಸನ್ನು ಕಂಬಿಯ ಗೆರೆಗಳಿಗೆ ಹಚ್ಚಿ. ಹಾಗೆಯೇ ಒಡೆದ ಕೇಪಿನ ತಾಮ್ರದ ಚೂರು ಹ್ಯಾಮರಿನ ಪಕ್ಕದ ಸಂದಿಯಿಂದ ಒಳಗೆ ಬಿದ್ದಿರುವುದುಂಟು. ಒಂದು ಸಲ ತಡೆಯುತ್ತದೆ, ಇನ್ನೊಂದು ಸಲ ಇಲ್ಲ. ಕಾಗದದ ಮೇಲೆ ಮೂರು ಸಲದ ಫಲಿತಾಂಶ ಮೂರು ಥರ ಬಂದರೆ ಮೊದಲು ಇದನ್ನೇ ಹುಡುಕಿ.

ಬೆಣೆಯ ವಿಷಯ ನಿಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಆಲೆಮನೆಯ ಗಾಣದಲ್ಲಿ ರೋಲರುಗಳ ನಡುವಿನ ಸಂದಿ ಅತಿಯಾಗಿ ಬಿಗಿಯಾದರೆ ಕಬ್ಬು ಅರೆಯುವ ಬದಲು ಗಾಣವೇ ಮುಷ್ಕರ ಹೂಡುತ್ತದಲ್ಲ, ಇಲ್ಲೂ ಹಾಗೆಯೇ. ನಳಿಗೆಯನ್ನು ನಡುಗಂಬಿಗೆ ಹಿಡಿದಿಡುವುದು ಅಡ್ಡಬೆಣೆ. ಅದನ್ನು ಜೋರಾಗಿ ಹೊಡೆದಷ್ಟೂ ನಳಿಗೆ ಹಿಂದಕ್ಕೆ ಸರಿದು ಸಿಲಿಂಡರಿನ ಮುಖಕ್ಕೆ ತಾಗುತ್ತದೆ. ನಕಲುಗಳಲ್ಲಿ ಕಂಬಿಯ ತುದಿ ನಳಿಗೆಯ ರಂಧ್ರದ ತಳ ಮುಟ್ಟದಿರುವುದು ಸಾಮಾನ್ಯ ದೋಷ, ಆಗ ಹೀಗೆ ಸರಿಯುವುದಕ್ಕೆ ಮಿತಿಯೇ ಇರುವುದಿಲ್ಲ. ಸಿಲಿಂಡರಿಗೂ ನಳಿಗೆಗೂ ನಡುವೆ ಫಿಲ್ಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ; 0.10ರಿಂದ 0.20 ಮಿ.ಮೀ. ಇದ್ದರೆ ಸರಿ. ಬೆಣೆಯ ಮೇಲಿನ ಸ್ಪ್ರಿಂಗಿನ ತುಟಿ ಆಚೆ ಬದಿಯಲ್ಲಿ ಆಗಷ್ಟೇ ಹೊರಗೆ ಇಣುಕುವಷ್ಟು ತಟ್ಟಿದರೆ ಸಾಕು. ಬೆಣೆ ಸಡಿಲಿಸಿದಾಗ ನಿಮ್ಮ ಎರಡು ಚೇಂಬರುಗಳೂ ನೆಟ್ಟಗಾದರೆ ಹೊಸ ಹ್ಯಾಂಡನ್ನು ಹಾಗೇ ಡಬ್ಬಿಯಲ್ಲಿಡಿ.

ಎದುರು ದೋಷವೂ ಇದೆ. ಸಿಲಿಂಡರ್ ಹಿಂದೆ ಮುಂದೆ ಬಹಳ ಆಡಿದರೆ, ಅದು ಮುಂದೆ ಸರಿದಾಗ ಹ್ಯಾಂಡ್ ಹಲ್ಲಿನ ಅಂಚನ್ನಷ್ಟೇ ಹಿಡಿಯುತ್ತದೆ. ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿದು ಪರೀಕ್ಷೆ ಮಾಡಿದಾಗ ಸರಿಯಾದರೆ ಇದೇ ಕಾರಣ. ಹ್ಯಾಮರಿನ ಸ್ಕ್ರೂ ಸಡಿಲವಾಗಿದ್ದರೂ ಎಲ್ಲ ಅಳತೆಯೂ ಸುಳ್ಳಾಗುತ್ತದೆ. ಬಿಗಿ ಮಾಡಿ ಮತ್ತೆ ನೋಡಿ.

ಉಂಗುರದ ಗೀರು. ಇದಕ್ಕೆ ಹ್ಯಾಂಡಿನ ಜೊತೆ ಸಂಬಂಧವೇ ಇಲ್ಲ, ಆದ್ದರಿಂದಲೇ ಎರಡು ಕಾರಣ ಎಂದೆ. ಅಗುಳಿ ಕಚ್ಚಿನ ಹತ್ತಿರ ಬರುವ ಮೊದಲೇ ಎದ್ದು ಸಿಲಿಂಡರಿನ ಮೈಯನ್ನು ಉಜ್ಜುತ್ತಿದೆ. ಬಹಳ ಸಲ ಯಂತ್ರದ ತಪ್ಪಲ್ಲ, ಕೈಯ ತಪ್ಪು: ಹಾಫ್ ಕಾಕಿನಲ್ಲಿ ಸಿಲಿಂಡರ್ ತಿರುಗಿಸಿ ನೋಡಿ, ಅಲ್ಲಿಂದಲೇ ಹ್ಯಾಮರನ್ನು ಕೆಳಗಿಳಿಸಿದರೆ ಅಗುಳಿ ಕಚ್ಚಿಲ್ಲದ ಜಾಗದಲ್ಲಿ ಎದ್ದು, ಮುಂದಿನ ತಿರುವಿನಲ್ಲಿ ಗೀರುತ್ತದೆ. ಹಾಫ್ ಕಾಕಿನಿಂದ ಯಾವಾಗಲೂ ಫುಲ್ ಕಾಕಿಗೆ ಎಳೆದು, ಅಗುಳಿ ಕೂತ ಮೇಲೆ, ಹೆಬ್ಬೆರಳಿನ ಹಿಡಿತದಲ್ಲಿ ಇಳಿಸಬೇಕು ಎಂದು ಮಗನಿಗೆ ಹೇಳಿ. ಗೀರು ಹಳೆಯದೋ ಈಗಲೂ ಬೀಳುತ್ತಿದೆಯೋ ತಿಳಿಯಲು ಕಚ್ಚುಗಳ ಸಾಲಿಗೆ ಮಾರ್ಕರ್ ಮಸಿ ಬಳಿದು, ಆರೂ ಚೇಂಬರುಗಳನ್ನು ಒಂದು ಸುತ್ತು ಎಳೆದು ನೋಡಿ. ಮಸಿ ಇಳಿಜಾರು ದಾರಿಯಲ್ಲಿ ಮಾತ್ರ ಅಳಿಸಿದ್ದರೆ ಅಗುಳಿ ಸರಿಯಾಗಿದೆ, ಗೀರು ಹಿಂದಿನ ಮಾಲೀಕನ ಉಡುಗೊರೆ. ಅದಕ್ಕೂ ಮುಂಚಿನಿಂದಲೇ ಅಳಿಸಿದ್ದರೆ ಅಗುಳಿ ಬೇಗ ಏಳುತ್ತಿದೆ.

ಬೇಗ ಏಳುತ್ತಿದೆ ಎಂದರೆ ಕ್ಯಾಮಿನ ಮೇಲೆ ಕೂರುವ ಕಾಲಿನ ತುದಿ ಗಿಡ್ಡವಾಗಿದೆ, ಅಥವಾ ಕ್ಯಾಮ್ ಸವೆದಿದೆ. ಕಾಲನ್ನು ಉದ್ದ ಮಾಡಲಾಗದು. ಹೊಸ ಅಗುಳಿ ಹಾಕುವುದೇ ದಾರಿ. ತಡವಾಗಿ ಏಳುತ್ತಿದ್ದರೆ ಕಾಲಿನ ತುದಿಯನ್ನು ಅರದ ಒಂದೊಂದು ಎಳೆತದಷ್ಟು ಗಿಡ್ಡ ಮಾಡಬಹುದು. ತಡವಾದಾಗಲೇ ಸಿಲಿಂಡರ್ ಕಚ್ಚನ್ನು ದಾಟಿ ಓಡುವುದು. ನೀವು ಹೇಳಿದ ‘ದಾಟಿ ಹೋಗುವ’ ತೊಂದರೆಗೆ ಇದಲ್ಲದೆ ಇನ್ನೆರಡು ಕಾರಣಗಳಿರಬಹುದು: ಅಗುಳಿ ಮತ್ತು ಟ್ರಿಗರ್ ಎರಡನ್ನೂ ಒತ್ತುವ ಕವಲು ಸ್ಪ್ರಿಂಗಿನ ಅಗುಳಿ ಕಡೆಯ ಕವಲು ಸೋತಿರುವುದು, ಅಥವಾ ಕಚ್ಚಿನ ಅಂಚು ಜಜ್ಜಿ ದುಂಡಗಾಗಿರುವುದು. ಬೇಗ ಏಳುವುದೂ ದಾಟಿ ಹೋಗುವುದೂ ಒಂದೇ ರಿವಾಲ್ವರಿನಲ್ಲಿ ಕಂಡರೆ ನಾನು ಮೊದಲು ಸ್ಪ್ರಿಂಗನ್ನೇ ಬದಲಿಸುತ್ತೇನೆ. ಅಗ್ಗದ ಭಾಗ, ಅರ ಹಾಕುವ ಕೆಲಸ ಬಹುತೇಕ ಇಲ್ಲ.

ಹ್ಯಾಮರ್ ಬಿದ್ದ ಮೇಲೆ ಮುಂದಿನ ಸಲ ಎಳೆದಾಗ ಸಿಲಿಂಡರ್ ಬೀಗ ಹಾಕಿದಂತೆ ಕೂತೇ ಇದ್ದರೆ, ಅಗುಳಿಯ ಕಾಲು ಕ್ಯಾಮನ್ನು ದಾಟಿ ವಾಪಸ್ ಬಂದಿಲ್ಲ ಅಥವಾ ಮುರಿದಿದೆ. ಅಂಥ ಹೊತ್ತಿನಲ್ಲಿ ಬಲ ಹಾಕಿ ಎಳೆದರೆ ಕಚ್ಚಿನ ಅಂಚು ಹೋಗುತ್ತದೆ, ಹೊಸ ಸಿಲಿಂಡರಿನ ಖರ್ಚು ಬೀಳುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ 2 ಚೇಂಬರುಗಳು ಹಿಂದೆ ಬೀಳುತ್ತಿವೆ ಎಂದಾದರೆ ಹೊಸ ಹ್ಯಾಂಡಿನ ಸರದಿ. ಕಳಚುವ ಕ್ರಮ: ಹಾಫ್ ಕಾಕಿನಲ್ಲಿಟ್ಟು ಬೆಣೆಯನ್ನು ಮರದ ಅಥವಾ ಹಿತ್ತಾಳೆಯ ತುಂಡಿನಿಂದ ತಟ್ಟಿ ಸರಿಸಿ, ನಳಿಗೆ ಮತ್ತು ಸಿಲಿಂಡರ್ ತೆಗೆಯಿರಿ. ಆಮೇಲೆ ಹ್ಯಾಮರನ್ನು ಇಳಿಸಿ, ಹಿಡಿಯ ಬೆನ್ನುಪಟ್ಟಿ, ಮುಖ್ಯ ಸ್ಪ್ರಿಂಗ್, ಟ್ರಿಗರ್ ಗಾರ್ಡ್, ಕವಲು ಸ್ಪ್ರಿಂಗ್, ಟ್ರಿಗರ್ ಮತ್ತು ಅಗುಳಿ, ಕೊನೆಗೆ ಹ್ಯಾಮರಿನ ಸ್ಕ್ರೂ. ಹ್ಯಾಮರ್ ಕೆಳಗಿಳಿದು ಹ್ಯಾಂಡಿನ ಜೊತೆಗೇ ಹೊರಬರುತ್ತದೆ. ಬೆಣೆಯಂತೆ ಇಳಿಜಾರಾದ ಸಾಧಾರಣ ಸ್ಕ್ರೂ ಡ್ರೈವರ್ ಬಳಸಿದರೆ ಸ್ಕ್ರೂ ತಲೆಗಳೆಲ್ಲ ಹಾಳಾಗುತ್ತವೆ. ಮೊನೆಯ ಎರಡು ಬದಿಯೂ ಸಮಾನಾಂತರವಾಗಿ, ಸೀಳಿಗೆ ಭರ್ತಿ ಕೂರುವಂಥದ್ದು ಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ.

ಬಿಡಿಭಾಗವಾಗಿ ಬರುವ ಹ್ಯಾಂಡ್ ಸಾಮಾನ್ಯವಾಗಿ ಉದ್ದವೇ ಇರುತ್ತದೆ, ಅರೆದು ಹೊಂದಿಸಲೆಂದು. ತಯಾರಕರು ಬೇರೆಯಾದರೆ ಅಳತೆಯೂ ಬೇರೆ. ಪಿಯೆಟ್ಟಾ, ಉಬೆರ್ತಿ ಎರಡೂ ಇಟಲಿಯ ಬ್ರೆಶಾ ಪ್ರಾಂತ್ಯದವೇ ಆದರೂ ಒಂದರದು ಇನ್ನೊಂದಕ್ಕೆ ಕೂರುತ್ತದೆ ಎಂದು ನಂಬಬೇಡಿ, ನಳಿಗೆಯ ಮೇಲಿನ ಮುದ್ರೆ ನೋಡಿ ತರಿಸಿದ್ದಾನೆಯೇ ಎಂದು ಮಗನನ್ನು ಈಗಲೇ ಕೇಳಿ. ಹ್ಯಾಂಡ್ ಉದ್ದವಾದಾಗ ಏನಾಗುತ್ತದೆ ಎಂದರೆ, ಅಗುಳಿ ಕೂತ ಮೇಲೂ ಅದು ತಳ್ಳುತ್ತಲೇ ಇರುತ್ತದೆ; ಹ್ಯಾಮರ್ ಫುಲ್ ಕಾಕ್ ತಲುಪದೆ ಕಚ್ಚಿಕೊಳ್ಳುತ್ತದೆ. ಅಲ್ಲಿ ಬಲ ಹಾಕಿದರೆ ಅಗುಳಿಯ ತಲೆಯೂ ಕಚ್ಚೂ ಜಜ್ಜುತ್ತವೆ. ಹ್ಯಾಂಡಿನ ತುದಿಯನ್ನು ನುಣುಪಾದ ಅರದಲ್ಲಿ 0.05 ಮಿ.ಮೀ.ಯಷ್ಟು ತೆಗೆದು, ಜೋಡಿಸಿ, ನೋಡಿ. ಮತ್ತೆ ಅಷ್ಟೇ. ತುದಿಯ ಕೋನ ಮೊದಲಿದ್ದಂತೆಯೇ ಇರಲಿ. ಕೊನೆಯ ಸ್ವಲ್ಪವನ್ನು ಸಾಣೆಕಲ್ಲಿಗೆ ಬಿಡಿ. ಹತ್ತು ಸಲ ಬಿಚ್ಚಿ ಜೋಡಿಸಬೇಕಾದೀತು. ಆ ಬೇಸರಕ್ಕೇ ಜನ ಒಂದೇ ಏಟಿಗೆ ಅರೆದು ಇನ್ನೊಂದು ಹ್ಯಾಂಡಿಗೆ ದುಡ್ಡು ಕೊಡುವುದು.

ಯಾವ ಹಲ್ಲಿಗೆ ಹೊಂದಿಸುವುದು? ಎಲ್ಲಕ್ಕಿಂತ ಹಿಂದೆ ಬೀಳುವ ಚೇಂಬರಿಗೆ. ಅದು ಸರಿಯಾಗಿ ಕೂತಾಗ ಉಳಿದ ಕೆಲವು ಹಲ್ಲುಗಳಿಗೆ ಹ್ಯಾಂಡ್ ಕೂದಲೆಳೆ ಉದ್ದ ಎನಿಸಬಹುದು. ಆಗ ಮಾತ್ರ ಆ ಎತ್ತರದ ಹಲ್ಲುಗಳ ಮುಖವನ್ನು ಸಾಣೆಕಲ್ಲಿನಿಂದ ಎರಡು-ಮೂರು ಎಳೆತ ಸವರಬೇಕು. ಹಲ್ಲುಗಳಿಂದಲೇ ಶುರು ಮಾಡುವುದು ತಪ್ಪು: ಹ್ಯಾಂಡ್ ಹಾಳಾದರೆ ಹ್ಯಾಂಡ್ ಹೋಯಿತು, ಹಲ್ಲು ಹಾಳಾದರೆ ಸಿಲಿಂಡರೇ ಹೋಯಿತು. ಹಳೆಯ ಹ್ಯಾಂಡನ್ನು ಸುತ್ತಿಗೆಯಲ್ಲಿ ಬದಿಗೆ ಬಡಿದು ಉದ್ದ ಮಾಡುವ ಪದ್ಧತಿಯೂ ಇದೆ. ಮೇಲ್ಪದರ ಮಾತ್ರ ಗಟ್ಟಿಯಾಗಿರುವ ಭಾಗವಾದರೆ ಅದು ಬಿರುಕು ಬಿಡುತ್ತದೆ. ಅರ ಜಾರಿಹೋದರೆ ಗಟ್ಟಿ ಪದರ ಇದೆ ಎಂದೇ ಅರ್ಥ, ಬಡಿಯಬೇಡಿ. ಅದೇ ಕಾರಣಕ್ಕೆ, ಹೊಸದನ್ನು ಅರೆದಾಗ ಆ ಪದರ ಪೂರ್ತಿ ಹೋಗಿದ್ದರೆ ತುದಿ ಬೇಗ ಸವೆಯುತ್ತದೆ, ಮತ್ತೆ ಗಟ್ಟಿ ಮಾಡಿಸಬೇಕು.

ಕೊನೆಯ ತಪಾಸಣೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ನಳಿಗೆಯ ಒಳವ್ಯಾಸಕ್ಕೆ ಸಲೀಸಾಗಿ ಹೋಗುವ ನೇರ ಹಿತ್ತಾಳೆ ಕಡ್ಡಿಯೊಂದನ್ನು ಲೇತಿನಲ್ಲಿ ಮಾಡಿಕೊಂಡರೆ ಸಾಕು. 1851ರ ಮೂಲ ನೇವಿ .36 ಬೋರಿನದು (ಅಂಗುಲದ ಲೆಕ್ಕ), ನಕಲುಗಳಲ್ಲಿ .44ರವೂ ಇವೆ, ಅಳೆದೇ ಮಾಡಿ. ಸಿಲಿಂಡರ್ ಖಾಲಿ, ನಿಪ್ಪಲುಗಳಿಲ್ಲ, ಹ್ಯಾಮರ್ ಫುಲ್ ಕಾಕಿನಲ್ಲಿ. ಕಡ್ಡಿ ನಳಿಗೆಯ ಮೂತಿಯಿಂದ ಇಳಿದು ಚೇಂಬರಿನ ಬಾಯಿಗೆ ತಡೆಯದೆ ಹೋಗಬೇಕು, ಆರಕ್ಕೆ ಆರೂ. ಒಂದರಲ್ಲಿ ಅಂಚಿಗೆ ತಾಗಿ ನಿಂತರೂ ಆ ರಿವಾಲ್ವರಿನಿಂದ ಹೊಡೆಯಬಾರದು: ಸೀಸದ ಗುಂಡು ನಳಿಗೆಯ ಹಿಂಬದಿಯ ಬಾಯಲ್ಲಿ ಹೆರೆದು ಚೂರುಗಳು ಪಕ್ಕಕ್ಕೆ ಸಿಡಿಯುತ್ತವೆ, ಪಕ್ಕದಲ್ಲಿ ನಿಂತವರ ಕಣ್ಣಿಗೆ.

ಹೊರಡುವ ಮೊದಲು ಮಗನಿಗೆ ಈ ಪಟ್ಟಿ ಕಳಿಸಿ: ಕವಲು ಸ್ಪ್ರಿಂಗ್ 2, ಅಗುಳಿ 1, ಇನ್ನೊಂದು ಹ್ಯಾಂಡ್, ನಿಪ್ಪಲ್ ಸ್ಪ್ಯಾನರ್, ಫಿಲ್ಲರ್ ಗೇಜ್, ಒಂದು ನುಣುಪು ಅರ, ಒಂದು ಸಾಣೆಕಲ್ಲು. ನೀವು ತಲುಪುವ ಹೊತ್ತಿಗೆ ಅವನು ಚೇಂಬರುಗಳಿಗೆ ನಂಬರು ಹಾಕಿ, ಮೂರು ಸಲದ ಪರೀಕ್ಷೆಯ ಕಾಗದ ತುಂಬಿಟ್ಟಿರಲಿ. ಬೆಣೆ ಸಡಿಲಿಸಿ ಒಮ್ಮೆ, ಬಿಗಿ ಮಾಡಿ ಒಮ್ಮೆ.